ಏರಿಯ ಕೆಳಗಿನ ಮನೆ

ನಮ್ಮ ಮನೆಯಲ್ಲಿ ಬೆಳಗಿನ ಕಾಫಿಗೆ ಮೊದಲು ಒಂದು ಲೋಟ ನೀರು ನೋಡಬೇಕಿತ್ತು. ಕುಡಿಯುವುದಲ್ಲ, ನೋಡುವುದು. ಹಿತ್ತಲ ಬಾಗಿಲು ತೆಗೆದರೆ ಬಟ್ಟೆ ಒಗೆಯುವ ಕಲ್ಲು, ಅದರ ಬೆನ್ನಿಗೇ ನಮ್ಮ ನೀರಿನ ಕಟ್ಟೆಯ ಮಣ್ಣಿನ ಏರಿ. ಏರಿಯ ಬುಡದಲ್ಲಿ ಒಂದು ಕಡೆ ಮಳೆಗಾಲವಿಡೀ ನೀರು ಜಿನುಗುತ್ತಿತ್ತು. ಅಮ್ಮ ಎದ್ದವಳೇ ಮುಖ ಕೂಡ ತೊಳೆಯದೆ ಗಾಜಿನ ಲೋಟ ಹಿಡಿದುಕೊಂಡು ಹೋಗಿ ಅಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಜಿನುಗು ನೀರು ಲೋಟಕ್ಕೆ ತುಂಬುವವರೆಗೂ ಕಾದು, ಅದನ್ನು ಬೆಳಕಿಗೆ ಎತ್ತಿ ಹಿಡಿಯುತ್ತಿದ್ದಳು. ನೀರು ತಿಳಿಯಾಗಿದ್ದರೆ ಚೆಲ್ಲಿ, ಒಳಗೆ ಬಂದು ಒಲೆ ಹಚ್ಚುವಳು. ಮಣ್ಣಿನ ಏರಿ ಎಂದ ಮೇಲೆ ಒಂದಿಷ್ಟು ಜಿನುಗಿಯೇ ಜಿನುಗುತ್ತದೆ, ತಿಳಿನೀರಾದರೆ ಭಯವಿಲ್ಲ. ಕೆಂಪಗೆ ಬಂದರೆ ಏರಿ ಒಳಗೊಳಗೇ ಕರಗುತ್ತಿದೆ ಎಂದರ್ಥ. ಇದನ್ನು ನಾನು ಅಕ್ಷರ ಕಲಿಯುವ ಮೊದಲೇ ಕಲಿತೆ. ಮನೆಯಲ್ಲಿ ಮಿಕ್ಕ ಲೋಟಗಳೆಲ್ಲ ಸ್ಟೀಲಿನವು, ಗಾಜಿನದು ಅದೊಂದೇ. ನೆಂಟರು ಗೊತ್ತಿಲ್ಲದೆ ಅದಕ್ಕೆ ಕೈ ಹಾಕಿದರೆ ಅಜ್ಜಿ, ಅಂದರೆ ಅಪ್ಪನ ತಾಯಿ, ಕೂತಲ್ಲಿಂದಲೇ ಕೂಗುತ್ತಿದ್ದಳು.

“ಅಯ್ಯೋ, ಅದು ಕಟ್ಟೆ ಲೋಟ ಕಣಪ್ಪ, ಇಡು ಇಡು!”

ಸರ್ಜಾಪುರದ ಕಡೆಗೆ ಆಗಿನ್ನೂ ರಸ್ತೆ ಎಂಬುದು ಹೆಸರಿಗಷ್ಟೇ ಇತ್ತು. ನಮ್ಮದು ನಾಡಹೆಂಚಿನ ಮನೆ. ಮುಂದೆ ಪಡಸಾಲೆ, ನಡುವೆ ಒಂದು ಕತ್ತಲೆ ಕೋಣೆ, ಹಿಂದೆ ಅಡುಗೆಮನೆ. ಅಡುಗೆಮನೆಯ ಹಿಂಗೋಡೆ ವರ್ಷದಲ್ಲಿ ಅರ್ಧ ಕಾಲ ಒದ್ದೆ. ಅದಕ್ಕೆ ಬೆನ್ನು ತಾಗಿಸಿ ಕೂತರೆ ಲಂಗ ತಣ್ಣಗಾಗುತ್ತಿತ್ತು. ಬೆಂಕಿಪೊಟ್ಟಣ ಅಕ್ಕಿ ಡಬ್ಬದೊಳಗೆ, ಹಪ್ಪಳ ಒಲೆಯ ಮೇಲಿನ ಬುಟ್ಟಿಯಲ್ಲಿ, ರಾಗಿ ಮೂಟೆ ಅಟ್ಟದ ಮೇಲೆ, ಟ್ರಂಕು ಕಲ್ಲುಗಳ ಮೇಲೆ. ಮಳೆಗಾಲ ಬಂತೆಂದರೆ ಎಲ್ಲರಿಗೂ ಪಡಸಾಲೆಯಲ್ಲೇ ಹಾಸಿಗೆ. ನಾನು ಮತ್ತು ತಮ್ಮ ಮಂಜು ತಲೆಬಾಗಿಲಿಗೆ ಹತ್ತಿರ, ಆಮೇಲೆ ಅಜ್ಜಿ, ಕೊನೆಗೆ ಅಪ್ಪ ಅಮ್ಮ. ಚಪ್ಪಲಿಗಳನ್ನು ತಲೆದೆಸೆಯಲ್ಲಿ, ಬಾಗಿಲ ಕಡೆಗೆ ಮುಖ ಮಾಡಿ ಇಡಬೇಕು. ಎದ್ದರೆ ಮೆಟ್ಟಿಕೊಂಡು ಓಡುವುದಕ್ಕೆ. ಎಲ್ಲರ ಮನೆಯಲ್ಲೂ ಹೀಗೇ ಎಂದುಕೊಂಡಿದ್ದೆ. ಸ್ಕೂಲಿನ ಗೆಳತಿಯೊಬ್ಬಳ ಮನೆಯಲ್ಲಿ ಉಳಿದುಕೊಂಡ ದಿನ ಮಲಗುವಾಗ ಚಪ್ಪಲಿ ಎಲ್ಲಿಡಲಿ ಎಂದು ಕೇಳಿದೆ. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಅಳು ಬಂತು.

ಆ ಕಟ್ಟೆ ಸರ್ಕಾರದ್ದಲ್ಲ. ನಮ್ಮಜ್ಜ ತನ್ನ ಜಮೀನಿನಲ್ಲೇ ಹಳ್ಳಕ್ಕೆ ಅಡ್ಡಲಾಗಿ ಮಣ್ಣು ಹೊರಿಸಿ ಕಟ್ಟಿಸಿದ್ದು. ಕಟ್ಟುವಾಗ ಕೆಳಗಿನ ಹೊಲದವರು ಒಪ್ಪಲಿಲ್ಲವಂತೆ. ಒಡೆದರೆ ನಮ್ಮ ಬೆಳೆ ಗತಿಯೇನು ಎಂದು ಜಗಳಕ್ಕೆ ಬಂದರಂತೆ. ಅಜ್ಜ ಅವರನ್ನೆಲ್ಲ ಏರಿಯ ಬುಡದಲ್ಲಿ ನಿಲ್ಲಿಸಿಕೊಂಡು, ಕೈಯಲ್ಲಿದ್ದ ಗುದ್ದಲಿ ಊರಿ ಹೇಳಿದ ಮಾತನ್ನು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು.

“ಇಲ್ಲೇ ಮನೆ ಕಟ್ತೀನಿ. ಒಡದ್ರೆ ಮೊದ್ಲು ಕೊಚ್ಕೊಂಡೋಗೋದು ನನ್ನ ಮಕ್ಳೇ. ಇನ್ನೇನ್ ಬೇಕು ನಿಮ್ಗೆ?”

ಊರಿನವರು ಬಾಯಿ ಮುಚ್ಚಿಕೊಂಡು ಹೋದರು. ಕಟ್ಟೆ ಯಾರದೋ ಅವರೇ ಅದರ ಕೆಳಗೆ ಇರಬೇಕು, ಆಗ ಕಾವಲು ಚೆನ್ನಾಗಿರುತ್ತದೆ ಎಂಬುದು ನಮ್ಮ ಮನೆಯ ನೇಮವಾಯಿತು. ಅಜ್ಜಿಗೆ ಇದು ದೊಡ್ಡ ಹೆಮ್ಮೆ. ಅಮ್ಮ ಕುಂದಲಹಳ್ಳಿಯವಳು, ದಿಣ್ಣೆ ಮೇಲಿನ ಮನೆಯಲ್ಲಿ ಬೆಳೆದವಳು. ಈ ಕಥೆ ಶುರುವಾದ ಕೂಡಲೇ ಅವಳ ಮುಖ ಗಂಟಾಗುತ್ತಿತ್ತು. ನಮ್ಮ ಹೊಲದ ಮೂಲೆಯಲ್ಲಿ ಒಂದು ದಿಣ್ಣೆ ಇತ್ತು. ಅಲ್ಲೊಂದು ಮನೆ ಹಾಕಿಕೊಂಡು ಮಕ್ಕಳನ್ನು ಏರಿಯ ಬುಡದಿಂದ ಎಬ್ಬಿಸಿಕೊಂಡು ಹೋಗಬೇಕು, ಅವಳು ಬಾಳಿನಲ್ಲಿ ಬೇಡಿದ್ದು ಅದೊಂದನ್ನೇ. ಪ್ರತಿ ಸಲವೂ ಅಪ್ಪನದು ಒಂದೇ ಉತ್ತರ, “ಅಪ್ಪ ಕೊಟ್ಟ ಮಾತು ಕಣೆ.” ಅಮ್ಮ ಪಾತ್ರೆ ಉಜ್ಜುತ್ತಾ ಗೊಣಗುವಳು.

“ಕೊಟ್ಟ ಮಾತಂತೆ! ಮಕ್ಕಳನ್ನ ಅಡ ಇಟ್ಟು ನೀರು ತಂದ್ರು, ಅಷ್ಟೇ.”

ಕಟ್ಟೆ ತುಂಬಿ ಕೋಡಿ ಬಿದ್ದ ದಿನ ಅತ್ತೆ ಸೊಸೆ ಇಬ್ಬರೂ ಮಿಂದು, ಮಡಿಯುಟ್ಟು, ಮೊರದಲ್ಲಿ ಬಾಗಿನ ಹಿಡಿದು ಏರಿ ಹತ್ತುತ್ತಿದ್ದರು. ಹೆಚ್ಚಾದ ನೀರು ಹರಿದುಹೋಗಲು ಏರಿಯ ಒಂದು ತುದಿಯಲ್ಲಿ ಕಲ್ಲು ಹಾಸಿದ ಜಾಗವೇ ಕೋಡಿ. ಅರಿಶಿನ, ಕುಂಕುಮ, ಹಸಿರು ಬಳೆ, ತೆಂಗಿನಕಾಯಿ ಎಲ್ಲವನ್ನೂ ಗಂಗಮ್ಮನಿಗೆ ಒಪ್ಪಿಸಿ ಕೈ ಮುಗಿಯುತ್ತಿದ್ದರು. ಅಜ್ಜಿ ಜೋರಾಗಿ, “ವರ್ಷಾ ವರ್ಷಾ ಇಂಗೇ ತುಂಬ್ಕಂಡು ಬಾರವ್ವ,” ಎನ್ನುವಳು. ಪಕ್ಕದಲ್ಲಿ ಅಮ್ಮನ ತುಟಿ ಮಾತ್ರ ಅಲ್ಲಾಡುತ್ತಿತ್ತು. ಒಮ್ಮೆ ಹತ್ತಿರ ನಿಂತು ಕೇಳಿಸಿಕೊಂಡೆ. “ಇದ್ದ ಕಡೆನೇ ಇರು ತಾಯಿ, ನಮ್ಮನೆಗೆ ಬರಬೇಡ,” ಎನ್ನುತ್ತಿದ್ದಳು. ಇಬ್ಬರ ನಡುವೆ ಗಂಗಮ್ಮ ಏನು ಮಾಡಿಯಾಳು, ಪಾಪ.

ಅಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ಬೇರೆಯವರು ಮಾಡಿದ ಬಿಡಿಭಾಗವನ್ನು ಅಳೆದು ನೋಡಿ, ಸರಿಯಿದ್ದರೆ ಬಣ್ಣದ ಗುರುತು ಹಾಕುವ ಕೆಲಸ. ಗುರುತು ಬಿದ್ದ ಮೇಲೆ ಅದನ್ನು ಯಾರೂ ಪ್ರಶ್ನೆ ಮಾಡುವ ಹಾಗಿಲ್ಲ. ಈ ಅಭ್ಯಾಸವೇ ಮುಂದೆ ನಮಗೆ ಮುಳುವಾಗುವುದರಲ್ಲಿತ್ತು. ಒಂದು ವರ್ಷ ಬೇರೆಲ್ಲೋ ಒಂದು ಕೆರೆ ಏರಿ ಒಡೆದು ಜನ ಸತ್ತರು. ಊರೂರಿನ ಕಟ್ಟೆಗಳನ್ನು ನೋಡಿ ದರ್ಜೆ ಹಾಕಿ ಎಂದು ಮೇಲಿನಿಂದ ಅಪ್ಪಣೆಯಾಯಿತು. ಖಾಸಗಿಯವರದನ್ನೂ ಬಿಡಬೇಡಿ ಎಂದರಂತೆ. ಅಪ್ಪನಿಗೆ ರಜೆ ಇದ್ದ ದಿನ ನಮ್ಮಲ್ಲಿಗೂ ಜೀಪು ಬಂತು. ಒಬ್ಬ ಸಾಹೇಬರು, ಬಣ್ಣದ ಡಬ್ಬ ಹಿಡಿದ ಒಬ್ಬ ಸಹಾಯಕ. ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆದು, ಬೆವರು ಒರೆಸಿಕೊಳ್ಳುತ್ತಾ ನಮ್ಮ ಹಿತ್ತಲಿಗೆ ಇಳಿದರು. ಅಮ್ಮ ಹಿತ್ತಲ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದಳು. ನಮ್ಮ ಅಂಗಳದಲ್ಲಿ ನಿಂತು, ನಮ್ಮ ಕಾಫಿ ಕುಡಿಯುತ್ತಾ, ಸಾಹೇಬರು ಕೇಳಿದರು.

“ಏರಿ ಕೆಳಗೆ ವಾಸದ ಮನೆ ಇದೆಯೇನ್ರೀ?”

“ಯಾರೂ ಇಲ್ಲ ಸಾರ್. ನಾವೇ,” ಎಂದರು ಅಪ್ಪ.

“ನೀವು ಬಿಡಿ, ಓನರ್ರು. ಬೇರೆಯವ್ರು?”

“ಬೇರೆಯವ್ರು ಯಾರೂ ಇಲ್ಲ ಸಾರ್.”

ಒಡೆದರೆ ಜನ ಸಾಯುವ ಹಾಗಿದ್ದರೆ ಒಂದನೇ ದರ್ಜೆ, ಬೇರೆಯವರ ಬೆಳೆ ಹಾಳಾಗುವಂತಿದ್ದರೆ ಎರಡನೆಯದು, ಅಂಥದ್ದೇನೂ ಇಲ್ಲದಿದ್ದರೆ ಮೂರನೆಯದು. ಕೆಳಗಿನ ಹೊಲ ಆಗ ಬೀಳುಬಿದ್ದಿತ್ತು. ಸಹಾಯಕ ಗದ್ದೆಗೆ ನೀರು ಬಿಡುವ ತೂಬಿನ ಕಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ ಮೂರು ಎಂದು ಬರೆದ. ಜೀಪು ಹೋಯಿತು. ಅಮ್ಮ ತಟ್ಟೆಯಲ್ಲಿದ್ದ ಖಾಲಿ ಲೋಟಗಳನ್ನು ನೋಡುತ್ತಾ ಬಾಗಿಲಲ್ಲೇ ನಿಂತಿದ್ದಳು.

ಅಂದು ಮುದ್ದೆ, ಹುರುಳಿಕಾಳಿನ ಬಸ್ಸಾರು. ಎಲ್ಲರೂ ತಟ್ಟೆ ಮುಂದಿಟ್ಟುಕೊಂಡು ಕೂತೆವು. ಅಮ್ಮ ಮುದ್ದೆ ಕಟ್ಟಿದ್ದ ಪಾತ್ರೆಯನ್ನು ಪಕ್ಕದಲ್ಲಿಟ್ಟುಕೊಂಡು, ಸೌಟು ಮುಟ್ಟದೆ ಕೂತಳು.

“ಬಡ್ಸೇ,” ಎಂದರು ಅಪ್ಪ.

“ಯಾರಿಗೆ ಬಡಿಸ್ಲಿ? ಈ ಮನೇಲಿ ಯಾರೂ ಇಲ್ವಲ್ಲ.”

“ಅವ್ರು ಕೇಳಿದ್ದು ಬೇರೆಯವ್ರನ್ನ ಕಣೆ. ಒಂದನೇ ದರ್ಜೆ ಅಂದ್ಬಿಟ್ರೆ ನಾಳೆನೇ ಕಟ್ಟೆ ಒಡೀರಿ ಅಂತಾರೆ. ಆಮೇಲೆ ನೀರಿಗೇನ್ ಮಾಡ್ತೀಯಾ?”

“ಒಡೀರಿ ಅನ್ಲಿ. ಇಲ್ಲ, ದಿಣ್ಣೆ ಮೇಲೆ ಮನೆ ಕಟ್ಟಿ ಅನ್ಲಿ. ನಾನಂತೂ ಹೊರಗಿಂದ ಬಂದೋಳು, ಬಿಡಿ. ಇವ್ಳು ಯಾರೂ ಅಲ್ವಾ? ಮಂಜು ಯಾರೂ ಅಲ್ವಾ?”

ಅಜ್ಜಿ ನಡುವೆ ಬಾಯಿ ಹಾಕಿದಳು. “ಉಣ್ಣೋ ಒತ್ನಲ್ಲಿ ಏನವ್ವ ನಿನ್ ರಾಮಾಯ್ಣ? ಮಕ್ಳು ಅಸ್ಕೊಂಡವೆ.”

ಅಮ್ಮ ಬಡಿಸಿದಳು. ತಾನು ಉಣ್ಣಲಿಲ್ಲ. ಅಪ್ಪನ ಮೇಲೆ ನನಗೆ ಅಂದು ಬಂದ ಸಿಟ್ಟು ಇಷ್ಟು ವರ್ಷಗಳಾದರೂ ಪೂರಾ ಇಳಿದಿಲ್ಲ. ಕೆಟ್ಟ ಮನುಷ್ಯನಲ್ಲ ಅವರು. ಕಟ್ಟೆ ನಮ್ಮದು, ಅಪಾಯವೂ ನಮ್ಮದೇ, ಅದರಲ್ಲಿ ಹೊರಗಿನವರದ್ದೇನು ಎಂಬ ಗತ್ತು ಅಷ್ಟೇ. ಆದರೆ ಆ ಗತ್ತಿನಲ್ಲಿ ನಮ್ಮ ಹೆಸರೇ ಅಳಿಸಿಹೋಗಿತ್ತು.

ಅಷ್ಟಕ್ಕೇ ನಿಂತಿದ್ದರೆ ಸರಿ. ಅಪ್ಪ ಆ ಮೂರನ್ನು ಪಾಸಾದ ಗುರುತು ಎಂದುಕೊಂಡುಬಿಟ್ಟರು. ಸಾಹೇಬರು ಹೇಳಿದ್ದು ಕೆಳಗೆ ಜನ ಇಲ್ಲ ಎಂದು. ಏರಿ ಗಟ್ಟಿಯಾಗಿದೆ ಎಂದಲ್ಲ. ಆದರೆ ಬಣ್ಣ ಬಿದ್ದಿತ್ತಲ್ಲ! “ಸರ್ಕಾರದೋರೇ ಬಂದು ನೋಡಿ ಅಪಾಯ ಇಲ್ಲ ಅಂದ್ಬಿಟ್ಟು ಹೋದ್ರು,” ಎಂದು ಕಾರ್ಖಾನೆ ಬಸ್ಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದರು. ಆ ಬೇಸಿಗೆಯಲ್ಲಿ ಕೋಡಿಯ ಮೇಲೆ ಒಂದು ವರಸೆ ಕಲ್ಲಿಟ್ಟು ಸಿಮೆಂಟು ಹಾಕಿಸಿದರು. ಇನ್ನೊಂದು ಮೊಳ ನೀರು ನಿಂತರೆ ಬೇಸಿಗೆಯವರೆಗೂ ಬರುತ್ತದೆ ಎಂಬ ಆಸೆ. ಅಮ್ಮ ಬೇಡ ಎಂದಳು. ಅಜ್ಜಿಗೂ ಯಾಕೋ ಹಿಡಿಸಲಿಲ್ಲ, ಆದರೆ ಮಗನಿಗೆ ಎದುರಾಡಲಿಲ್ಲ. ಅಪ್ಪ ಕಿವಿಗೇ ಹಾಕಿಕೊಳ್ಳಲಿಲ್ಲ.

ದಸರಾ ಕಳೆದ ಮೇಲೆ ಜಡಿಮಳೆ ಹಿಡಿಯಿತು. ಕಟ್ಟೆ ನಾವು ಯಾವತ್ತೂ ಕಾಣದಷ್ಟು ತುಂಬಿತು. ಅಪ್ಪನದು ಮೊದಲ ಪಾಳಿ, ಬೆಳಕು ಹರಿಯುವ ಮೊದಲೇ ಬಸ್ಸು ಹತ್ತಿದ್ದರು. ಅಮ್ಮ ಎಂದಿನಂತೆ ಲೋಟ ಹಿಡಿದು ಹೋದಳು. ನಾನು ಹಲ್ಲುಜ್ಜುತ್ತಾ ಬಾಗಿಲಲ್ಲಿ ನಿಂತಿದ್ದೆ. ಅವಳು ಲೋಟ ಎತ್ತಿ ಹಿಡಿದಳು. ನೀರು ಚಹಾದ ಬಣ್ಣಕ್ಕಿತ್ತು. ಚೆಲ್ಲಿ, ಇನ್ನೊಂದು ಸಲ ಹಿಡಿದಳು. ಇನ್ನೂ ಕೆಂಪು. ಅಮ್ಮ ಕಿರುಚಲಿಲ್ಲ, ಅಳಲಿಲ್ಲ. ಲೋಟವನ್ನು ನನ್ನ ಕೈಗೆ ಕೊಟ್ಟಳು.

“ಅಜ್ಜಿನೂ ಮಂಜುನೂ ಕರ್ಕೊಂಡು ದಿಣ್ಣೆಗೆ ನಡಿ. ಹಸು ಬಿಚ್ಕೋ. ತಿರುಗಿ ನೋಡ್ಬೇಡ.”

“ನೀನು?”

“ನಡಿ ಅಂದ್ನಲ್ಲ!”

ದಿಣ್ಣೆ ಹತ್ತಿದ ಮೇಲೆ ತಿರುಗಿ ನೋಡಿಯೇ ನೋಡಿದೆ. ಅಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡು, ಹಾರೆ ಹಿಡಿದು ಕೋಡಿಯ ಮೇಲೆ ನಿಂತಿದ್ದಳು. ಅಪ್ಪ ಇಡಿಸಿದ್ದ ಕಲ್ಲುಗಳನ್ನು ಮೀಟಿ ಮೀಟಿ ಕೆಡವುತ್ತಿದ್ದಳು. ಮೊಣಕಾಲವರೆಗೂ ನೀರು. ಮೇಲಿನ ಹೊಲದ ಗಂಡಸರು ನೋಡಿ ಓಡಿ ಬಂದು ತೂಬು ಎತ್ತಿದರು. ನೀರು ಕೋಡಿಯಿಂದ ಹೊರಳಿ, ಹಳ್ಳ ತುಂಬಿ ಉಕ್ಕಿ, ತೆನೆ ಬಂದಿದ್ದ ನಮ್ಮದೇ ರಾಗಿ ಹೊಲದ ಮೇಲೆ ಹಾದುಹೋಯಿತು. ಪೈರು ಚಾಪೆಯಂತೆ ಮಲಗಿಬಿಟ್ಟಿತು. ಅಜ್ಜಿ ತಲೆ ಮೇಲೆ ಕೈ ಹೊತ್ತು ಕೂತಳು. ಮಧ್ಯಾಹ್ನದ ಹೊತ್ತಿಗೆ ಕಟ್ಟೆಯ ನೀರು ತಗ್ಗಿತು. ಅಮ್ಮ ದಿಣ್ಣೆಗೆ ಬಂದು ನನ್ನ ಕೈಯಿಂದ ಲೋಟ ಇಸಿದುಕೊಂಡು, ಮತ್ತೆ ಏರಿಯ ಬುಡಕ್ಕೆ ಹೋಗಿ ಕೂತಳು. ಸಂಜೆಗೆ ಜಿನುಗು ತಿಳಿಯಾಯಿತು. ಆಮೇಲೆಯೇ ನಮ್ಮನ್ನು ಮನೆಗೆ ಕರೆದದ್ದು.

ಅಪ್ಪ ಬಂದರು. ಹೊಲ ನೋಡಿದರು, ಕಟ್ಟೆ ನೋಡಿದರು, ಕೈಯಲ್ಲಿದ್ದ ಊಟದ ಡಬ್ಬಿ ಕೆಳಗಿಡಲೂ ಇಲ್ಲ.

“ಏನೇ ಮಾಡ್ಬಿಟ್ಟೆ? ಬೆಳೆನೂ ಹೋಯ್ತು, ನೀರೂ ಹೋಯ್ತು. ಏರಿ ಒಡೀತಾ? ಒಡೀಲಿಲ್ವಲ್ಲ!”

“ಹೌದು. ಒಡೀಲಿಲ್ಲ,” ಎಂದಳು ಅಮ್ಮ.

ಅವಳ ಬಾಳಿನ ಕಷ್ಟವೆಲ್ಲ ಆ ಮಾತಿನಲ್ಲೇ ಇತ್ತು ಎಂದು ಈಗ ಅನ್ನಿಸುತ್ತದೆ. ಒಡೆದಿದ್ದರೆ ಅಮ್ಮ ಹೇಳಿದ್ದು ಸರಿ ಎಂದು ಊರೇ ಒಪ್ಪುತ್ತಿತ್ತು, ಅದನ್ನು ಕೇಳಲು ನಾವು ಇರುತ್ತಿರಲಿಲ್ಲ. ಒಡೆಯದಂತೆ ನೋಡಿಕೊಂಡವಳಿಗೆ ಸಿಕ್ಕಿದ್ದು ಬೆಳೆ ಹಾಳು ಮಾಡಿದವಳು ಎಂಬ ಹೆಸರು. ಅಪ್ಪ ಅವಳದೇ ಸರಿ ಎಂದು ಸಾಯುವವರೆಗೂ ಬಾಯಿಬಿಟ್ಟು ಹೇಳಲಿಲ್ಲ. ಆ ಕಲ್ಲುಗಳನ್ನು ಮತ್ತೆ ಇಡಿಸಲೂ ಇಲ್ಲ. ಎರಡನೇ ಪಾಳಿಯ ವಾರಗಳಲ್ಲಿ ತಾವೇ ಲೋಟ ಹಿಡಿದು ಹಿತ್ತಲಿಗೆ ಹೋಗುತ್ತಿದ್ದರು. ದಿಣ್ಣೆಯ ಮೇಲೆ ಮನೆ ಮಾತ್ರ ಏಳಲಿಲ್ಲ. ತೂಬಿನ ಕಲ್ಲಿನ ಮೇಲಿನ ಮೂರನ್ನು ಅಮ್ಮ ಪ್ರತಿ ಬೇಸಿಗೆಯೂ ತೆಂಗಿನ ನಾರು, ಬೂದಿ ಹಾಕಿ ಉಜ್ಜುತ್ತಿದ್ದಳು. ಎಣ್ಣೆ ಬಣ್ಣ, ಜಪ್ಪಯ್ಯ ಎಂದರೂ ಹೋಗಲಿಲ್ಲ.

ಆ ಮನೆ ನನ್ನನ್ನು ಏನು ಮಾಡಿತು ಎಂದು ಕೇಳಿದರೆ, ಸುಸ್ತು ಮಾಡಿತು ಎನ್ನುತ್ತೇನೆ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರಾಗಿ ಸೇರಿದ ಮೊದಲ ದಿನ ನಾನು ನೋಡಿದ್ದು ಹೊಲಿಗೆಯನ್ನಲ್ಲ, ಹೊರಹೋಗುವ ಬಾಗಿಲು ಎಲ್ಲೆಲ್ಲಿದೆ, ಅದಕ್ಕೆ ಬೀಗ ಹಾಕಿದ್ದಾರಾ ಎಂಬುದನ್ನು. ಮದುವೆಯಾಗಿ ಹೋದ ಮನೆಯಲ್ಲಿ ಗೋಡೆ ಮುಟ್ಟಿ ನೋಡಿದೆ. ಇಂದಿಗೂ ಮಳೆ ಬಂದರೆ ಮೂರನೇ ಮಹಡಿಯ ಫ್ಲಾಟಿನಲ್ಲಿ ಚಪ್ಪಲಿಯನ್ನು ಬಾಗಿಲ ಕಡೆಗೆ ತಿರುಗಿಸಿಡುತ್ತೇನೆ. ನನ್ನ ಗಂಡ ನಗುತ್ತಾರೆ. ನಗಲಿ. ಕೆಲಸದಿಂದ ನಿವೃತ್ತಿಯಾಗಿದೆ, ಕಾಯುವುದರಿಂದ ಆಗಿಲ್ಲ.

ಈಗ ಅಮ್ಮ ಅಪ್ಪ ಇಬ್ಬರೂ ಇಲ್ಲ. ಕೆಳಗಿನ ಹೊಲಗಳಲ್ಲಿ ಕಂಬಗಳ ಮೇಲೆ ನಿಂತ ಅಪಾರ್ಟ್‌ಮೆಂಟು ಎದ್ದಿದೆ. ನಮ್ಮ ಕಟ್ಟೆಯನ್ನು ತೋರಿಸಿ, ಕೆರೆ ಕಾಣುವ ಬಾಲ್ಕನಿ ಎಂದು ಮಾರಿದ್ದಾರೆ. ಏರಿಯ ಬುಡದ ಹಳೆ ಮನೆಯಲ್ಲಿ ಯಲ್ಲಮ್ಮ ಬಾಡಿಗೆಗಿದ್ದಾಳೆ. ಕಲಬುರಗಿ ಕಡೆಯವಳು, ಅದೇ ಅಪಾರ್ಟ್‌ಮೆಂಟಿನಲ್ಲಿ ನೆಲ ಒರೆಸುತ್ತಾಳೆ, ಗಂಡ ವಾಚ್‌ಮನ್, ಇಬ್ಬರು ಚಿಕ್ಕ ಮಕ್ಕಳು. ಮೊನ್ನೆಯ ಮಳೆಗಾಲದಲ್ಲಿ ಈ ಕಡೆಯ ಬಡಾವಣೆಗಳಿಗೆಲ್ಲ ನೀರು ನುಗ್ಗಿದ ಮೇಲೆ, ಕಟ್ಟೆಗಳಿಗೆ ಹೊಸದಾಗಿ ದರ್ಜೆ ಹಾಕುತ್ತಾರೆ ಎಂದು ಗೊತ್ತಾಯಿತು. ಒಂದನೇ ದರ್ಜೆ ಎಂದಾದರೆ ಮುಂದಿನ ಮಳೆಗೆ ಮೊದಲೇ ಕೋಡಿ ತಗ್ಗಿಸಿ, ಏರಿ ಬಲಪಡಿಸಬೇಕು. ಅಲ್ಲಿಯವರೆಗೆ ಕಟ್ಟೆ ಖಾಲಿ ಇರಬೇಕು. ಮೂರು ಎಂದೇ ಉಳಿದರೆ ಯಾರೂ ಏನೂ ಮಾಡಬೇಕಿಲ್ಲ. ಪೀಣ್ಯದಲ್ಲಿ ವರ್ಕ್‌ಶಾಪು ಇಟ್ಟಿರುವ ಮಂಜು ಫೋನು ಮಾಡಿದ. “ಸುಮ್ನೆ ತಲೆನೋವು ಯಾಕಕ್ಕ? ಹಳೇದೇ ಇರ್ಲಿ ಅಂದ್ಬಿಡು.” ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಮಲ್ಲೇಶ್ ಮನೆಗೇ ಬಂದರು. ದಾವಣಗೆರೆ ಕಡೆಯವರು, ಹಣೆಯಲ್ಲಿ ವಿಭೂತಿ, ಬಹಳ ಮರ್ಯಾದಸ್ಥರು.

“ಮೇಡಂ, ಒಂದನೇ ದರ್ಜೆ ಅಂತ ಬಂದ್ರೆ ಕಟ್ಟೆ ಹಾಳಾಗಿದೆ ಅಂತ ಆಗಿಬಿಡುತ್ತೆ. ಇಷ್ಟು ವರ್ಷ ಮೂರೇ ಇತ್ತಲ್ರೀ, ಗಟ್ಟಿಯಾಗೇ ಇದೆ. ನಮ್ಮ ಗ್ರೌಂಡ್ ಫ್ಲೋರ್ ಬರೀ ಪಾರ್ಕಿಂಗು. ಜನ ಎಲ್ಲಾ ಮೇಲಿದಾರೆ. ಕೆಳಗೆ ಯಾರೂ ಇಲ್ಲ ಅಂದ್ಬಿಡಿ, ಸಾಕು.”

ಅದೇ ಮಾತು! ಅಪ್ಪನೇ ಎದ್ದು ಬಂದು ಎದುರು ಕೂತ ಹಾಗಾಯಿತು. ನೋಡೋಣ ಎಂದೆ.

ಇಂಜಿನಿಯರ್ ಬಂದ ದಿನ ನಾನು, ಮಲ್ಲೇಶ್ ಇಬ್ಬರೂ ಕಟ್ಟೆಯ ಹತ್ತಿರ ಇದ್ದೆವು. ಮಗಳ ವಯಸ್ಸಿನ ಹುಡುಗಿ. ಏರಿಯ ಮೇಲೆಲ್ಲ ಓಡಾಡಿ ನಮ್ಮ ಹಿತ್ತಲಿಗೆ ಇಳಿದು, ಜಿನುಗು ಇದ್ದಲ್ಲಿ ಕುಕ್ಕರಗಾಲಲ್ಲಿ ಕೂತಳು. ಕುಡಿಯುವ ನೀರಿನ ಬಾಟಲಿ ಖಾಲಿ ಮಾಡಿ, ಅದರಲ್ಲಿ ಜಿನುಗು ಹಿಡಿದು ಬೆಳಕಿಗೆ ಎತ್ತಿದಳು. ನನ್ನ ಕಣ್ಣು ತುಂಬಿಬಂತು. ನೀರು ತಿಳಿಯಾಗಿತ್ತು.

“ಏರಿ ಪರವಾಗಿಲ್ಲ ಮೇಡಂ,” ಎಂದಳು.

“ಹಾಗಾದ್ರೆ ಮೂರೇ ಅಲ್ವಾ?” ಎಂದರು ಮಲ್ಲೇಶ್.

“ಇಲ್ಲ ಸಾರ್. ಏರಿ ಹೇಗಿದೆ ಅನ್ನೋದು ಬೇರೆ. ದರ್ಜೆ ಅಂದ್ರೆ, ಒಡೆದ್ರೆ ಯಾರಿಗೇನಾಗುತ್ತೆ ಅಂತ.” ನನ್ನ ಕಡೆ ತಿರುಗಿದಳು. “ಓನರ್ ನೀವಲ್ವಾ? ಕೆಳಗಡೆ ವಾಸ ಯಾರಿದ್ದಾರೆ ಮೇಡಂ?”

“ಅದೇ ಹೇಳಿದ್ನಲ್ಲ, ಬರೀ ಪಾರ್ಕಿಂಗು,” ಎಂದರು ಮಲ್ಲೇಶ್. ಅಷ್ಟರಲ್ಲಿ ಹಿತ್ತಲ ಬಾಗಿಲು ತೆರೆಯಿತು. ಯಲ್ಲಮ್ಮ ತಟ್ಟೆಯಲ್ಲಿ ಚಹಾ ಹಿಡಿದು ನಿಂತಿದ್ದಳು. ಅವಳ ಸೆರಗು ಹಿಡಿದು ಚಿಕ್ಕದು ಇಣುಕುತ್ತಿತ್ತು.

“ಚಾ ತಗೋರಿ ಮೇಡಂ,” ಎಂದಳು.

“ಇದ್ದಾರೆ,” ಎಂದೆ ನಾನು. “ಈ ಮನೇಲಿ ಇದ್ದಾರೆ.”

ಮಲ್ಲೇಶ್ ಮುಖ ಬಾಡಿತು. ಹುಡುಗಿ ಚಹಾ ತೆಗೆದುಕೊಂಡು, ಯಲ್ಲಮ್ಮನ ಹೆಸರು, ಮಕ್ಕಳ ಹೆಸರು ಕೇಳಿ ಬರೆದುಕೊಂಡಳು. ಆಮೇಲೆ ನನ್ನನ್ನು ಕೇಳಿದಳು.

“ಈ ಮನೇಲಿ ಜನ ಯಾವಾಗಿಂದ ಇದ್ದಾರೆ ಮೇಡಂ? ಹಳೇ ದಾಖಲೆಯಲ್ಲಿ ಯಾರೂ ಇಲ್ಲ ಅಂತಿದೆ.”

“ಮೊದ್ಲಿಂದ್ಲೂ ಇದ್ದಾರೆ. ನಮ್ಮಮ್ಮ ಇದ್ರು. ಸರೋಜಮ್ಮ ಅಂತ. ಬರ್ಕೊಳ್ಳಿ.”

“ಈಗ ಇದ್ದಾರಾ?”

“ಇಲ್ಲ. ತೀರಿಕೊಂಡ್ರು.”

ಅವಳ ಪೆನ್ನು ನಿಂತಿತು. “ತೀರಿಕೊಂಡವ್ರನ್ನ ಬರ್ಕೊಳ್ಳೋಕೆ ಆಗಲ್ಲ ಮೇಡಂ,” ಎಂದಳು ಮೆಲ್ಲಗೆ.

“ಇರ್ಲಿ ಬಿಡಮ್ಮ,” ಎಂದೆ. “ಕೇಳಿಸ್ಕೊಂಡೆಯಲ್ಲ, ಸಾಕು.”